ಕೊಸರಿನ ಹಾಡು

ಅಂಗಡಿಯ ಎಡಗಡೆ ಗೋಡೆ ಖಾಲಿ ಮಾಡಿಸುವ ಮಾತನ್ನು ಮಗ ಎತ್ತಿದ್ದು ಇದು ಮೂರನೇ ಸಲ. ಮೊದಲ ಎರಡು ಸಲ ಕೊಸರಣ್ಣ ಕಿವಿಗೇ ಹಾಕಿಕೊಂಡಿರಲಿಲ್ಲ. ಈ ಸಲ ಮಗ ಅಪ್ಪನನ್ನು ಕೇಳುವ ಗೋಜಿಗೂ ಹೋಗದೆ ಬಡಗಿಗೆ ಹೇಳಿ ಬಂದಿದ್ದ.

"ಸಂಜೆ ಐದಕ್ಕೆ ಬಂದು ಹಲಗೆ ಎಲ್ಲಾ ಕಳಚ್ತಾನೆ. ನಾಳೆ ಗುಜರಿಯವನು ಬಂದು ಸಾಮಾನು ತಗೊಂಡು ಹೋಗ್ತಾನೆ. ಅಲ್ಲಿ ಗಾಜಿನ ಶೋಕೇಸು ಬರುತ್ತೆ ಅಪ್ಪ. ಇನ್ನು ಇದರ ಬಗ್ಗೆ ಮಾತು ಬೇಡ."

ಹತ್ತಡಿ ಅಗಲದ ಅಂಗಡಿ ಅದು. ಬಲಗಡೆ ಗೋಡೆ ಮಗನದು: ಮೊಬೈಲ್ ಕವರು, ಇಯರ್‌ಫೋನು, ಒಡೆದ ಸ್ಕ್ರೀನ್ ಬದಲಾಯಿಸುವ ಪುಟ್ಟ ಮೇಜು, ಮೇಜಿನ ಮೇಲೆ ದೀಪ ಸಿಕ್ಕಿಸಿದ ಭೂತಗನ್ನಡಿ. ಎಡಗಡೆಯದು ಅಪ್ಪನದು. ನೆಲದಿಂದ ಮೇಲಿನವರೆಗೆ ಮರದ ಹಲಗೆ, ಹಲಗೆ ತುಂಬ ಗ್ರಾಮಫೋನ್ ತಟ್ಟೆ, ಕ್ಯಾಸೆಟ್ಟು. ಕೆಳಗೆ ತಟ್ಟೆ ನುಡಿಸುವ ಯಂತ್ರ, ಅದರ ಪಕ್ಕ ಹಳೇ ಬೆಡ್‌ಶೀಟ್ ಹೊದ್ದು ಕೂತ ಟೇಪ್ ರೆಕಾರ್ಡರು, ಹದಿನೇಳು ನೋಟ್‌ಬುಕ್ಕು. ಆ ಗೋಡೆಗೆ ಅಂತ ಇದ್ದ ಒಂದೇ ಒಂದು ಪ್ಲಗ್ಗನ್ನೂ ಮಗ ನಾಲ್ಕು ಚಾರ್ಜರು ಸಿಕ್ಕಿಸಿ ಎಂದೋ ಕಬಳಿಸಿದ್ದ.

ಕೊಸರಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಗಿರಾಕಿಗಳು ಇಟ್ಟಿದ್ದು. ಎಂಬತ್ತರ ದಶಕದಲ್ಲಿ ನಿಮಗೆ ಬೇಕಾದ ಹಾಡೆಲ್ಲ ಒಂದೇ ಕಡೆ ಬೇಕು ಅಂದರೆ ಚೀಟಿಯಲ್ಲಿ ಪಟ್ಟಿ ಬರೆದು, ಖಾಲಿ ಕ್ಯಾಸೆಟ್ ಹಿಡಿದು ಈ ಅಂಗಡಿಯ ಬೆಂಚಿನ ಮೇಲೆ ಬಂದು ಕೂರಬೇಕಿತ್ತು. ಈ ಪುಣ್ಯಾತ್ಮ ತಟ್ಟೆಯಿಂದ ಒಂದೊಂದೇ ಹಾಡನ್ನು ಕ್ಯಾಸೆಟ್ಟಿಗೆ ಇಳಿಸಿ ಕೊಡುತ್ತಿದ್ದ. ಎ ಸೈಡಿಗೆ ಮೂವತ್ತು ನಿಮಿಷ, ಬಿ ಸೈಡಿಗೆ ಮೂವತ್ತು. ಯಾವ ಹಾಡು ಎಷ್ಟು ನಿಮಿಷ, ಎಷ್ಟು ಸೆಕೆಂಡು ಅನ್ನುವುದೆಲ್ಲ ಅವನಿಗೆ ಬಾಯಿಪಾಠ. ಪಟ್ಟಿ ಮುಗಿದ ಮೇಲೆ ಬಿ ಸೈಡಿನ ಕೊನೆಗೆ ನಾಲ್ಕೈದು ನಿಮಿಷ ಉಳಿಯುತ್ತಿತ್ತಲ್ಲ, ಬೇರೆ ಅಂಗಡಿಯವರು ಅದನ್ನು ಖಾಲಿ ಬಿಡುತ್ತಿದ್ದರು, ಇಲ್ಲವೆ ಯಾವುದೋ ಹಾಡಿನ ಕತ್ತು ಹಿಸುಕಿ ತುರುಕುತ್ತಿದ್ದರು. ಇವನು ಹಾಗಲ್ಲ. ತರಕಾರಿಯವಳು ತೂಕ ಮುಗಿದ ಮೇಲೆ ಒಂದು ಹಿಡಿ ಕೊಸರು ಹಾಕುವ ಹಾಗೆ, ಅಷ್ಟೇ ಹೊತ್ತಿನ ಒಂದು ಹಾಡನ್ನು ತಾನೇ ಹುಡುಕಿ ಹಾಕುತ್ತಿದ್ದ. ಪಟ್ಟಿ ಓದಿ, ಮುಖ ನೋಡಿ, ಈ ಮನುಷ್ಯನಿಗೆ ಇದು ಬೇಕು ಅಂತ ಅವನದೇ ತೀರ್ಮಾನ. ಆ ಹಾಡಿನ ಹೆಸರನ್ನು ಕ್ಯಾಸೆಟ್ಟಿನ ಚೀಟಿಯಲ್ಲಿ ಮಾತ್ರ ಬರೆಯುತ್ತಿರಲಿಲ್ಲ. ಬರೆದರೆ ಅದು ಸಾಮಾನಾಯಿತು, ಕೊಸರು ಹೇಗಾಯಿತು ಅಂತ ವಾದ. ತನ್ನ ನೋಟ್‌ಬುಕ್ಕಿನಲ್ಲಿ ತಾರೀಖು, ಗಿರಾಕಿ, ಪಟ್ಟಿ ಬರೆದು, ಗೀಟೆಳೆದು, ಅದರ ಕೆಳಗೆ ಬರೆದುಕೊಳ್ಳುತ್ತಿದ್ದ.

ಇನ್ನು ಅವನ ಜಂಬ ಒಂದಿತ್ತು, ಅದನ್ನೂ ಹೇಳಬೇಕು. "ಈ ಕೈಯಲ್ಲಿ ಒಂದೇ ಒಂದು ಹಾಡು ಅರ್ಧಕ್ಕೆ ನಿಂತಿಲ್ಲ." ಈ ಮಾತನ್ನು ಕೇಳಿ ಕೇಳಿ ಪಕ್ಕದ ಔಷಧಿ ಅಂಗಡಿಯವನಿಗೂ ತಲೆ ಚಿಟ್ಟು ಹಿಡಿದಿತ್ತು.

"ಕೋಟಿ ಹಾಡಿದೆ ಇದರಲ್ಲಿ," ಮಗ ಫೋನ್ ಎತ್ತಿ ತೋರಿಸಿದ. "ನಿನ್ನ ಗೋಡೇಲಿ ಎಷ್ಟಿದೆ?"

"ಆ ಕೋಟಿಯಲ್ಲಿ ನಿಂದು ಯಾವುದು?"

"ಎಲ್ಲಾ ನಂದೇ."

"ಹಂಗಂದ್ರೆ ಯಾವುದೂ ನಿಂದಲ್ಲ ಅಂತ. ನಮಗೆ ಇದ್ದಿದ್ದು ಅರವತ್ತು ನಿಮಿಷ ಕಣೋ. ಹದಿಮೂರು ಹಾಡು ಹಿಡಿಸಿದ್ರೆ ಹೆಚ್ಚು. ಇನ್ನೊಂದು ಬೇಕು ಅಂದ್ರೆ ಇರೋದ್ರಲ್ಲಿ ಒಂದನ್ನ ಹೊಡೆದು ಹಾಕ್ಬೇಕು. ಆ ಬೆಂಚಿನ ಮೇಲೆ ಕೂತು ಗಂಡ ಹೆಂಡ್ತಿ ಮಾತು ಬಿಟ್ಟಿದ್ದೂ ಉಂಟು, ಯಾವುದು ಬಿಡೋದು ಅಂತ. ಹಾಡು ಕೂಡಿಡೋದು ಅಂದ್ರೆ ಅದು. ನೀವೇನು ಕೂಡಿಡ್ತೀರಾ? ನಲ್ಲಿ ತಿರುಗಿಸ್ತೀರಿ, ಸುರಿಯುತ್ತೆ, ಮುಚ್ತೀರಿ."

"ಆಯ್ತಪ್ಪ, ನಲ್ಲೀನೇ. ಐದು ವರ್ಷದಲ್ಲಿ ನಿನ್ನ ಗೋಡೆಗೆ ಒಬ್ಬ ಗಿರಾಕಿ ಬಂದಿದ್ದಾನಾ? ಒಬ್ಬ?"

ಕೊಸರಣ್ಣನಿಗೆ ಅಳು ಬಂದ ಹಾಗಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಆ ಗೋಡೆ ಹೋದರೆ ಈ ಅಂಗಡಿಯಲ್ಲಿ ತಾನು ಬರೀ ಬೀಗ ತೆಗೆಯುವ ಮುದುಕ, ಎರಡು ಮಾತಿಲ್ಲ. ಸ್ಟೂಲು ಎಳೆದುಕೊಂಡು ಹಲಗೆಗೆ ಬೆನ್ನು ಕೊಟ್ಟು ಕೂತುಬಿಟ್ಟ. "ಬಡಗಿ ಬರಲಿ. ಮೊದಲು ನನ್ನನ್ನ ಕಳಚ್ಲಿ, ಆಮೇಲೆ ಹಲಗೆ." ಊಟಕ್ಕೂ ಏಳಲಿಲ್ಲ ಆಸಾಮಿ. ಮಗ ಮುಖ ಊದಿಸಿಕೊಂಡು ಒಬ್ಬನೇ ಡಬ್ಬಿ ಬಿಚ್ಚಿ ಉಂಡ.

ಮೂರೂವರೆಗೆ ಬಿಳಿ ಕೂದಲಿನ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು, "ಕೊಸರಣ್ಣ ಇನ್ನೂ ಇದ್ದಾರಾ?" ಅಂದಳು. ಮಗನ ಕೈಯಲ್ಲಿದ್ದ ಸ್ಕ್ರೂಡ್ರೈವರು ಅಲ್ಲೇ ನಿಂತಿತು.

ಆಕೆ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳು. ಚೀಲದಿಂದ ಒಂದು ಕ್ಯಾಸೆಟ್ ತೆಗೆದಳು. ಕೊನೆಯ ಹಾಡಿನ ಭಾಗವನ್ನು ಯಂತ್ರ ಜಗಿದು ಮುದ್ದೆ ಮಾಡಿತ್ತು. "ಬೇರೆ ಹಾಡೆಲ್ಲ ಮೊಮ್ಮಗಳು ಫೋನಲ್ಲಿ ಹುಡುಕಿ ಕೊಟ್ಲು. ಚೀಟೀಲಿ ಹೆಸರಿತ್ತಲ್ಲ. ಕೊನೇದಕ್ಕೆ ಹೆಸರೇ ಇಲ್ಲ. ಯಾವ ಭಾಷೆ ಅಂತಾನೂ ನಂಗೆ ಗೊತ್ತಿಲ್ಲ. ಗುನುಗಿದ್ರೆ ಫೋನು ಏನೇನೋ ತೋರಿಸುತ್ತೆ. ನೀವು ಹಾಕಿದ ಕೊಸರು, ನೀವೇ ಹೇಳ್ಬೇಕು."

ಕೊಸರಣ್ಣ ಮಗನ ಕಡೆ ಒಂದು ನೋಟ ಬಿಸಾಕಿ ಎದ್ದ. ಚೀಟಿಯ ಮೇಲೆ ತನ್ನದೇ ಕೈಬರಹದಲ್ಲಿ ತಾರೀಖಿತ್ತು. ಒಂಬತ್ತನೇ ನೋಟ್‌ಬುಕ್ಕು ತೆಗೆದು, ಧೂಳು ಊದಿ, ಹಾಳೆ ತಿರುವಿ, ಗೀಟಿನ ಕೆಳಗಿದ್ದ ಹೆಸರನ್ನು ಗಟ್ಟಿಯಾಗಿ ಓದಿದ. ಅವನು ಓದಿ ಮುಗಿಸುವಷ್ಟರಲ್ಲಿ ಮಗ ಅದನ್ನು ಫೋನಿನಲ್ಲಿ ಒತ್ತಿ ಹಾಡು ಹಚ್ಚಿಯೇಬಿಟ್ಟ.

"ನೋಡಿದ್ಯಾ? ಇದೂ ಇದರಲ್ಲಿದೆ."

ಟೈಪಿಸ್ಟಮ್ಮ ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿದಳು. ಹಾಡುವವಳ ದನಿ ಮೆತ್ತಗಿತ್ತು. ಒಂದು ಚರಣ ಆಯಿತು, ಎರಡಾಯಿತು. ಮೂರನೆಯದು ಶುರುವಾದ ಕೂಡಲೇ ಡೋಲು, ಕೋರಸ್ಸು ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಆಕೆ ಕಣ್ಣು ಬಿಟ್ಟಳು.

"ಇದೇನಿದು? ನಂದು ಹೀಗಿಲ್ಲ. ಇದಕ್ಕೆ ಮುಂಚೆ ಅವಳು ಇನ್ನೇನೋ ಹೇಳೋಕೆ ಉಸಿರು ಎಳ್ಕೋತಾಳೆ, ಅಲ್ಲಿಗೆ ಹಾಡು ನಿಲ್ಲುತ್ತೆ. ಆಮೇಲೆ ಟಕ್ ಅನ್ನುತ್ತೆ."

ಮಗ ನಿಧಾನಕ್ಕೆ ತಲೆ ಎತ್ತಿ ಹಲ್ಲು ಬಿಟ್ಟ. "ಟಕ್ ಅನ್ನೋದು ರೀಲು ಮುಗಿದು ಗುಂಡಿ ಎಗರಿದಾಗ ಅಲ್ವಾ ಅಪ್ಪ? ಅಂದ್ರೆ ಹಾಡು ಅರ್ಧಕ್ಕೇ..."

"ನನ್ನ ಕೈಯಲ್ಲಿ ಆಗೋ ಕೆಲಸ ಅಲ್ಲ ಅದು," ಅಂದ ಕೊಸರಣ್ಣ. "ರೀಲು ಎಲ್ಲೋ ಹರಿದಿರುತ್ತೆ. ತನ್ನಿ ಇಲ್ಲಿ." ಭೂತಗನ್ನಡಿ ಕೆಳಗೆ ಕ್ಯಾಸೆಟ್ ಹಿಡಿದು ನೋಡಿದ. ರೀಲಿನ ತುದಿ, ಅದಕ್ಕೆ ಅಂಟಿದ ಬಿಳಿ ಪಟ್ಟಿ, ಎಲ್ಲ ಕಾರ್ಖಾನೆಯಿಂದ ಬಂದ ಹಾಗೇ ಇತ್ತು. ಎಲ್ಲೂ ಹರಿದಿರಲಿಲ್ಲ. ಮುಖ ಎಲ್ಲಿಡಬೇಕೋ ತಿಳಿಯದೆ ನೋಟ್‌ಬುಕ್ಕನ್ನೇ ಮತ್ತೆ ನೋಡಿದ. ಆ ಪಟ್ಟಿಯ ಕೆಳಗೆ ಮೂರು ದಿನ ಏನೂ ಬರೆದಿರಲಿಲ್ಲ. ಅಂಗಡಿಗೆ ಒಂದು ದಿನವೂ ರಜೆ ಹಾಕದ ತಾನು ಮೂರು ದಿನ ಎಲ್ಲಿಗೆ ಹೋಗಿದ್ದೆ ಅಂತ ಯೋಚಿಸಿದ. ತಾರೀಖನ್ನು ಇನ್ನೊಂದು ಸಲ ಓದಿದ.

ಎಲ್ಲಾ ನೆನಪಾಯಿತು. ಪಟ್ಟಿ ಮುಗಿದಿತ್ತು, ಕೊಸರಿಗೆ ಅಂತ ಒಂದು ತಟ್ಟೆ ಕೈಗೆತ್ತಿಕೊಂಡಿದ್ದ. ಔಷಧಿ ಅಂಗಡಿಯ ಫೋನಿಗೆ ಸುದ್ದಿ ಬಂತು, ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ. ಅವಸರಕ್ಕೆ ಅದನ್ನೇ ಹಚ್ಚಿ, ಹಾಡು ಎಷ್ಟು ಉದ್ದವೋ, ರೀಲು ಎಷ್ಟು ಉಳಿದಿತ್ತೋ, ಯಾವುದನ್ನೂ ನೋಡದೆ ಯಂತ್ರ ಓಡುತ್ತಿರುವಾಗಲೇ ಷಟರ್ ಎಳೆದು ಓಡಿದ್ದ. ನಾಲ್ಕನೇ ದಿನ ಬಂದವನು ಖುಷಿಗೆ ಕಾಲು ನೆಲದ ಮೇಲೆ ನಿಲ್ಲದೆ, ಕೇಳಿ ನೋಡದೆ, ಕ್ಯಾಸೆಟ್ಟನ್ನು ಹಾಗೇ ಕೊಟ್ಟಿದ್ದ.

"ಏನು ಹಲ್ಲು ಕಿರೀತೀಯ?" ನೋಟ್‌ಬುಕ್ಕನ್ನು ಮಗನ ಮುಂದೆ ಕುಕ್ಕಿದ. "ತಾರೀಖು ಓದು."

ಮಗ ಓದಿದ. ಅವನು ಹುಟ್ಟಿದ ದಿನ.

"ಜನ್ಮದಲ್ಲಿ ಒಂದೇ ಒಂದು ಹಾಡು ಕೆಡಿಸಿದ್ದೀನಿ. ಅದೂ ನಿನ್ನ ದೆಸೆಯಿಂದ."

ಟೈಪಿಸ್ಟಮ್ಮನಿಗೆ ನಗು ತಡೆಯಲಾಗಲಿಲ್ಲ. ಕೊಸರಣ್ಣ ಕೈ ಮುಗಿದು, "ತಪ್ಪು ನಂದಮ್ಮ, ಪೂರ್ತಿ ಹಾಡು ಇಳಿಸಿ ಕೊಡ್ತೀನಿ," ಅಂದ.

"ಬೇಡ. ಮೂವತ್ತೇಳು ವರ್ಷ ಅದು ಅಲ್ಲಿಗೇ ನಿಂತಿದೆ. ಕಚೇರಿಯಿಂದ ಬಂದು ಬೆರಳೆಲ್ಲ ನೋಯ್ತಾ ಇರ್ತಿತ್ತು, ಅದನ್ನ ಹಾಕ್ಕೊಂಡು ಮಲಗ್ತಿದ್ದೆ. ಟಕ್ ಅಂದ್ರೆ ಎದ್ದು ಅಡುಗೆಗೆ ಹೋಗ್ತಿದ್ದೆ. ಆ ಡೋಲು ಗೀಲು ನಂದಲ್ಲ. ನನಗೆ ನನ್ನ ಹಾಡು ಕೊಡಿ, ಟಕ್ ಸಮೇತ."

ಮಗ ಫೋನಿನ ಮೇಲೆ ಬೆರಳಾಡಿಸಿದ. "ಇದರಲ್ಲೂ ಕತ್ತರಿಸಬಹುದಮ್ಮ, ಆದ್ರೆ..." ಟಕ್ ಅನ್ನಿಸುವುದಕ್ಕೆ ಅವನ ಫೋನಿನಲ್ಲಿ ಏನೂ ಇರಲಿಲ್ಲ.

"ಪ್ಲಗ್ಗು ಬಿಡು," ಅಂದ ಅಪ್ಪ.

ನಾಲ್ಕೂ ಚಾರ್ಜರುಗಳನ್ನು ಮಗನೇ ಕಿತ್ತ. ಕೊಸರಣ್ಣ ಬೆಡ್‌ಶೀಟು ಸರಿಸಿ, ಹತ್ತಿಗೆ ಸ್ಪಿರಿಟ್ಟು ಹಚ್ಚಿ ರೆಕಾರ್ಡರಿನ ಹೆಡ್ ಒರೆಸಿದ. ತಟ್ಟೆ ಹುಡುಕುವುದಕ್ಕೆ ಅವನಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ರೆಕಾರ್ಡರಿಗೆ ಒಂದು ಖಾಲಿ ಕ್ಯಾಸೆಟ್ ಹಾಕಿದ, ತಟ್ಟೆಯ ಮೇಲೆ ಮುಳ್ಳು ಇಳಿಯಿತು. ಹಾಡು ನಡೆದಿರುವಾಗ ಬಡಗಿ ಸುತ್ತಿಗೆ ಚೀಲ ಹೊತ್ತು ಒಳಗೆ ಬಂದು ಏನೋ ಹೇಳಹೊರಟ. ಮಗ ತುಟಿಯ ಮೇಲೆ ಬೆರಳಿಟ್ಟು ಅವನನ್ನು ಬೆಂಚಿನ ತುದಿಯಲ್ಲಿ ಕೂರಿಸಿದ.

ಆ ಉಸಿರು ಬಂದ ಕ್ಷಣಕ್ಕೆ ಕೊಸರಣ್ಣನ ಬೆರಳು ಗುಂಡಿ ಒತ್ತಿತು. ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ, ಸರಿಯಾಗಿ ಅಲ್ಲಿಗೆ ರೀಲು ಕತ್ತರಿಸಿ, ಬಿಳಿ ಪಟ್ಟಿಗೆ ಅಂಟಿಸಿ, ಮತ್ತೆ ಮುಚ್ಚಿ ಹಾಕಿ ಕೇಳಿಸಿದ. ಎರಡು ಚರಣ, ಒಂದು ಉಸಿರು, ಟಕ್. ಟೈಪಿಸ್ಟಮ್ಮ ಅಭ್ಯಾಸದಂತೆ ಎದ್ದು ನಿಂತುಬಿಟ್ಟಳು. ಆಮೇಲೆ ತನ್ನ ಬುದ್ಧಿಗೆ ತಾನೇ ನಕ್ಕು, ಕಣ್ಣೊರೆಸಿಕೊಂಡು, ಕ್ಯಾಸೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಹೋದಳು.

ಕೊಸರಣ್ಣ ಹದಿನೇಳನೇ ನೋಟ್‌ಬುಕ್ಕಿನಲ್ಲಿ ಆ ದಿನದ ತಾರೀಖು ಬರೆದ. "ಈ ಕೈಯಲ್ಲಿ ಎರಡೇ ಸಲ ಹಾಡು ಅರ್ಧಕ್ಕೆ ನಿಂತಿರೋದು," ಅಂದ ಮಗನ ಕಡೆ ತಿರುಗದೆ. "ಎರಡು ಸಲಾನೂ ಒಂದೇ ಹಾಡು."

ಬಡಗಿಗೆ ಇದೆಲ್ಲ ತಲೆ ಬುಡ ತಿಳಿಯಲಿಲ್ಲ. "ಕಳಚೋದು ಯಾವ ಗೋಡೆ?" ಅಂದ.

"ಕಳಚೋದು ಏನೂ ಇಲ್ಲ," ಅಂದ ಕೊಸರಣ್ಣ. "ಆ ಬಲಗಡೆ ಗೋಡೇಲಿ ಒಂದು ಹಲಗೆ ಹೊಡಿ. ಇಲ್ಲಿ ಜಾಗ ಸಾಲ್ತಾ ಇಲ್ಲ."

ಬಡಗಿ ಟೇಪು ಬಿಚ್ಚಿ ಮಗನ ಮುಖ ನೋಡಿದ. "ಎಷ್ಟುದ್ದ ಬೇಕು?"

ಮಗ ಮೊಬೈಲ್ ಕವರುಗಳನ್ನು ಒಂದೊಂದಾಗಿ ಮೊಳೆಯಿಂದ ತೆಗೆಯುತ್ತಾ, "ಅಪ್ಪನ್ನ ಕೇಳು," ಅಂದ.