ಅರವತ್ತರ ಎಣ್ಣೆಯೂ ಗೆರೆ ಮೇಸ್ತ್ರಿಯೂ

ಯಾವ ಬೋಲ್ಟ್ ಬಿಗಿದರೂ ಅದರ ತಲೆಯಿಂದ ಪಕ್ಕದ ಲೋಹದವರೆಗೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆಯುವುದು ಆ ಮೇಸ್ತ್ರಿಯ ಪದ್ಧತಿ. ಬೋಲ್ಟ್ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ, ಯಾರೋ ಕೈಯಾಡಿಸಿದ್ದಾರೆಂದು ಗೊತ್ತಾಗುತ್ತದೆ. ಒಳ್ಳೆಯ ಪದ್ಧತಿಯೇ. ಆದರೆ ಮನುಷ್ಯ ಅಲ್ಲಿಗೆ ನಿಲ್ಲಬೇಕಲ್ಲ! ಮನೆಯ ಸಕ್ಕರೆ ಡಬ್ಬಿಗೂ ಗೆರೆ ಎಳೆದ. ಹೆತ್ತವರು ಇಟ್ಟ ಹೆಸರು ಮೂಲೆ ಸೇರಿ, ಎಲ್ಲರ ಬಾಯಲ್ಲೂ ಅವನು ಗೆರೆ ಮೇಸ್ತ್ರಿಯಾದ.

ಅವನು ನಂಬುತ್ತಿದ್ದದ್ದು ಒಂದೇ ಜೀವವನ್ನು, ತಂಗಿಯನ್ನು. ಹಾಗೆಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ. ತಂಗಿ ರೇಸಿನವಳು. ಅಣ್ಣ ಕಟ್ಟಿಕೊಟ್ಟ ಪುಟ್ಟ ಹಳೇ ಕಾರಿನ ಎಂಜಿನ್ನನ್ನು ನಿಮಿಷಕ್ಕೆ ಎಂಟು ಸಾವಿರ ಸುತ್ತಿನವರೆಗೆ ಕಿರುಚಿಸುವುದೆಂದರೆ ಅವಳಿಗೆ ಪ್ರಾಣ. ಅಂಥ ಎಂಜಿನ್ನಿನೊಳಗೆ ಲೋಹಕ್ಕೂ ಲೋಹಕ್ಕೂ ನಡುವೆ ಇರುವುದು ಎಣ್ಣೆಯ ತೆಳು ಪದರ ಮಾತ್ರ. ಅದು ಹರಿದರೆ ಎಂಜಿನ್ ಕಚ್ಚಿಕೊಳ್ಳುತ್ತದೆ, ಆ ವೇಗದಲ್ಲಿ ಚಕ್ರಗಳು ಗಕ್ಕನೆ ನಿಲ್ಲುತ್ತವೆ. ಒಳಗೆ ಕೂತವಳ ಗತಿ ಏನು?

ಹೀಗಿರುವಾಗ ಆಯಿಲ್ ಪ್ರೆಷರಿನ ಮುಳ್ಳು ಇಳಿಯತೊಡಗಿತು. ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಬಿಸಿಯಾಗಿ ಓಡಿದರೆ ಸಾಕು, ಮುಳ್ಳು ತಲೆ ತಗ್ಗಿಸುತ್ತಿತ್ತು. ಅಲ್ಲಿಯವರೆಗೆ ಹಾಕುತ್ತಿದ್ದದ್ದು ನಲವತ್ತರ ಎಣ್ಣೆ; ಅಂಕಿ ಏರಿದಷ್ಟೂ ಎಣ್ಣೆ ದಪ್ಪ. ಮೇಸ್ತ್ರಿ ಇನ್ನೂ ದಪ್ಪನೆಯದಕ್ಕೆ, ಐವತ್ತಕ್ಕೆ ಹೋದ. ವಾರದಲ್ಲಿ ಅದೂ ತೆಳುವಾಯಿತು. ಆಗ ಅರವತ್ತು ಕೇಳಿದ.

"ಬೇಡ ಮೇಸ್ತ್ರಿ," ಎಂದ ಆಯಿಲ್ ಅಂಗಡಿಯವ. "ನೀವು ಬೇರಿಂಗ್ ಸಂದು ಬಿಗಿಯಾಗಿಟ್ಟಿದ್ದೀರ. ಅಷ್ಟು ದಪ್ಪ ಎಣ್ಣೆ ಅಲ್ಲಿಗೆ ಹೋಗೋದೇ ತಡ. ಈ ಎಂಜಿನ್ನಿಗೆ ನಲವತ್ತೇ ಸರಿ. ತೆಳುವಾಗ್ತಿರೋದು ಯಾಕೆ ಅಂತ ನೋಡಿ."

ಮೇಸ್ತ್ರಿಗೆ ಅಲ್ಲೇ ಮೂಗು ಅರಳಿತು. ಮಾರುವವನೇ ಬೇಡ ಎನ್ನುತ್ತಾನೆಂದರೆ ಒಳಗೇನೋ ಇದೆ. ಮೊದಲೇ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಈಚೆಗೆ ತಂಗಿ ಒಂದು ಡಬ್ಬಿ ಆಯಿಲ್ ತರಲು ಆ ಅಂಗಡಿಗೆ ಹೋದರೆ ಸಂಜೆಯವರೆಗೂ ಬರುತ್ತಿರಲಿಲ್ಲ, ಬಂದಾಗ ಸುಮ್ಮಸುಮ್ಮನೆ ನಗುತ್ತಿದ್ದಳು.

ಅರವತ್ತು ಹಾಕಿದ. ಬೆಳಗಿನ ಚಳಿಗೆ ಎಂಜಿನ್ ಮುದುಕನ ಹಾಗೆ ನರಳಿಕೊಂಡು ಎದ್ದಿತು. ಮೂರನೆಯ ಓಟದ ಹೊತ್ತಿಗೆ ಮುಳ್ಳು ಮತ್ತೆ ಕೆಳಗೆ. ಎಣ್ಣೆಯ ಅಳತೆ ಕಡ್ಡಿ ಎಳೆದು ನೋಡಿದವನು ಒರೆಸಿ ಇನ್ನೊಮ್ಮೆ ಅದ್ದಿ ನೋಡಿದ. ಅಷ್ಟು ಬಡಿದು ಓಡಿಸಿದ ಎಂಜಿನ್ನಿನಲ್ಲಿ ಎಣ್ಣೆ ಇಳಿಯಬೇಕು, ಇಲ್ಲಿ ಏರಿತ್ತು! ಮೂಸಿದರೆ ಪೆಟ್ರೋಲ್ ವಾಸನೆ. ಸಿಕ್ಕಿಬಿದ್ದ ಕಳ್ಳ, ಅಂದುಕೊಂಡ.

ನೇರ ಅಂಗಡಿಗೆ ಹೋಗಿ ಗಿರಾಕಿಗಳೆದುರೇ ಕೂಗಾಡಿದ. "ಕಲಬೆರಕೆ ಮಾಡ್ತೀಯೇನೋ? ಸಾಲದು ಅಂತ ಗ್ಯಾರೇಜಿಗೇ ಬಂದು ಸುರಿದು ಹೋಗ್ತೀಯ. ಬೀಗದಕೈ ಯಾರು ಕೊಡ್ತಾರೆ ಅಂತ ನಂಗೊತ್ತಿಲ್ವಾ?"

ಗ್ಯಾರೇಜಿನ ಇನ್ನೊಂದು ಬೀಗದಕೈ ಇದ್ದದ್ದು ತಂಗಿಯ ಹತ್ತಿರ. ಹಿಂದೆಯೇ ಓಡಿಬಂದಿದ್ದ ಅವಳು ಇದನ್ನು ಕೇಳಿಸಿಕೊಂಡಳು. ಬಂದ ದಾರಿಯಲ್ಲೇ ತಿರುಗಿ ಹೋದಳು. ಅವಳು ಜಗಳವಾಡಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಸರಿ, ಬೇರೆ ಊರಿನಿಂದ ತಾನೇ ಅರವತ್ತರ ಡಬ್ಬಿ ತಂದ, ತಾನೇ ಸುರಿದ. ಮುಚ್ಚಳಕ್ಕೆ ಗೆರೆ, ಕಡ್ಡಿಗೆ ಗೆರೆ, ಬಾನೆಟ್ಟಿಗೂ ಗೆರೆ. ಗ್ಯಾರೇಜಿಗೆ ಹೊಸ ಬೀಗ ಹಾಕಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದ. ತಂಗಿ ಬಂದು ಅಭ್ಯಾಸದ ಓಟ ಮುಗಿಸಿ, ಅವನತ್ತ ನೋಡದೆ ಹೋದಳು. ಗೆರೆಗಳು ಒಂದೂ ಮುರಿದಿರಲಿಲ್ಲ. ಕಡ್ಡಿ ಎಳೆದ. ಎಣ್ಣೆ ಏರಿತ್ತು, ಅದೇ ಪೆಟ್ರೋಲ್ ವಾಸನೆ.

ಇನ್ನು ಅನುಮಾನ ಪಡಲು ಯಾರೂ ಉಳಿದಿರಲಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿದ, ಮಸಿ ಮೆತ್ತಿಕೊಂಡು ಕಪ್ಪಾಗಿತ್ತು. ಪೆಟ್ರೋಲ್ ಕಡಿಮೆ ಹೋದರೆ ಪಿಸ್ಟನ್ ಸುಟ್ಟೀತೆಂಬ ಭಯಕ್ಕೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಚಿಮ್ಮುವ ಜೆಟ್ಟನ್ನು ಅವನೇ ದೊಡ್ಡ ತೂತಿನದಕ್ಕೆ ಬದಲಿಸಿದ್ದ, ಸಾಲದೆಂದು ಇನ್ನೂ ದೊಡ್ಡದನ್ನು ಹಾಕಿದ್ದ. ಉರಿಯದೆ ಉಳಿದ ಪೆಟ್ರೋಲ್ ಪಿಸ್ಟನ್ ಪಕ್ಕದಿಂದ ಜಾರಿ ಎಣ್ಣೆಗೆ ಸೇರುತ್ತಿತ್ತು. ಎಣ್ಣೆಯ ಮೇಲಾಗಲಿ, ಮಾರಿದವನ ಮೇಲಾಗಲಿ ತಪ್ಪಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು. ಮೇಸ್ತ್ರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಜೆಟ್ ಸರಿಪಡಿಸಿ, ಹಳೇ ಎಣ್ಣೆ ಬಸಿದು, ಅದೇ ಅಂಗಡಿಗೆ ಹೋಗಿ ನಲವತ್ತರ ಡಬ್ಬಿ ಕೇಳಿದ. ಗಿರಾಕಿಗಳೆದುರೇ ತಪ್ಪಾಯಿತೆಂದ. ಅಂಗಡಿಯವ ಡಬ್ಬಿ ಕೊಟ್ಟು, "ಬಿಡಿ ಮೇಸ್ತ್ರಿ, ಅವಳು ಹುಷಾರಾಗಿದ್ರೆ ಸಾಕು," ಎಂದ.

ರೇಸಿನ ದಿನ ತಂಗಿಗೂ ಎಲ್ಲ ಬಿಡಿಸಿ ಹೇಳಿದ. "ನನ್ನದೇ ತಪ್ಪು ಕಣೇ. ಈಗ ಸರಿಯಾಗಿದೆ. ಧೈರ್ಯವಾಗಿ ಓಡ್ಸು."

"ಆಯ್ತಣ್ಣ," ಎಂದಳು ತಂಗಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಇಷ್ಟು ವರ್ಷ ನೀನು ಕೊಟ್ಟ ಕಾರನ್ನ ಏನೂ ನೋಡ್ದೆ ಸುಮ್ಮನೆ ಹತ್ತಿ ಕೂತ್ಕೋತಿದ್ದೆ."

ಅಷ್ಟು ಹೇಳಿ ಹೆಲ್ಮೆಟ್ಟನ್ನು ಸೀಟಿನ ಮೇಲಿಟ್ಟಳು. ಮುಂದೆ ಬಂದು ಬಾನೆಟ್ ಎತ್ತಿದಳು. ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಅದನ್ನು ಮೂಗಿನ ಹತ್ತಿರ ತಂದು ನಿಧಾನವಾಗಿ ಮೂಸಿದಳು. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ, ಅವಳು ಏನನ್ನುತ್ತಾಳೋ ಎಂದು ಕಾಯುತ್ತ.