ಶ್ರಾವಣದ ಹುಂಜಗಳು

ಕೋಳಿ ಅಂದ್ರೆ ಕಲಾವತಿಗೆ ಹೇಸಿಗೆ. ಸಾಕಬೇಕು ಅಂತ ಹಟ ಹಿಡಿದವನು ಗಂಡ ಮುನಿಯಣ್ಣ. ಗಾರ್ಮೆಂಟ್ಸಿಗೆ ಹೊರಡೋ ಮುಂಚೆ ದಿನಾ ಹಿತ್ತಲ ಹಿಕ್ಕೆ ಗುಡಿಸೋಳು ಇವಳು. ಲಗ್ಗೆರೆಯ ಆ ಕಿಷ್ಕಿಂಧೆಯಂಥ ಬಾಡಿಗೆ ಮನೇಲಿ ಅನ್ನಕ್ಕೂ ಅದೇ ನಾತ. ಶಿವರಾತ್ರಿ ಕಳೆದು ಕೆಂಚಿ ಅನ್ನೋ ಹೇಂಟೆ ಕಾವಿಗೆ ಕೂತಾಗ ಅವನು ಅದರ ಅಡಿ ಹನ್ನೊಂದು ಮೊಟ್ಟೆ ಇಟ್ಟ. ಒಂಬತ್ತು ಮರಿಯಾದವು. ಕೊಳೆತ ಎರಡನ್ನು ಮೂಗು ಮುಚ್ಚಿಕೊಂಡು ಎಸೆದವಳೂ ಇವಳೇ.

ಆದರೆ ಕೆಂಚಿ ಬೇರೆ. ಮರಿಗೆ ಬಾಯಿ ಹಾಕಿದ ಬೆಕ್ಕಿನ ಮುಖಕ್ಕೇ ಹಾರಿದ ತಾಯಿ ಅದು. ಅವತ್ತಿನಿಂದ ಕಲಾವತಿಗೆ ಅದರ ಮೇಲೆ ಜೀವ.

ಒಂಬತ್ತರಲ್ಲಿ ಆರು ಹುಂಜ! ಬಲಿತಿದ್ದೇ ತಡ, ಹೆತ್ತ ತಾಯಿಯ ಮೇಲೇ ಬಿದ್ದವು. ಥೂ, ಒಂದು ಇಳಿದರೆ ಇನ್ನೊಂದು. ಕೆಂಚಿಯ ಬೆನ್ನಲ್ಲಿ ಪುಕ್ಕ ಉಳಿಯಲಿಲ್ಲ, ಚರ್ಮ ಹರಿದು ಕೀವಾಯಿತು. ಒಂದನ್ನು ಇಟ್ಟುಕೊಂಡು ಐದನ್ನು ಕುಯ್ಯಿರಿ, ಇಲ್ಲದಿದ್ದರೆ ಇದು ಸಾಯುತ್ತೆ ಅಂತ ಆಷಾಢದಲ್ಲೇ ಹೇಳಿದ್ದಳು. ನೋಡೋಣ ನೋಡೋಣ ಅಂತ ಮುನಿಯಣ್ಣ ಶ್ರಾವಣ ತಂದಿಟ್ಟ. ಆಮೇಲೆ ಬಂತು ನೋಡಿ ಭಕ್ತಿ! ಹಣೆಗೆ ನಾಮ ಎಳೆದು, ಶ್ರಾವಣದಲ್ಲಿ ಮನೇಲಿ ರಕ್ತ ಬೀಳಬಾರದು, ಗಣೇಶನ ಹಬ್ಬ ಕಳೀಲಿ ಅಂದ. ಬಾರಿಗೆ ಹೋಗೋಕೆ ಮಾತ್ರ ಶ್ರಾವಣ ಅಡ್ಡ ಬರಲಿಲ್ಲ. ಇವಳು ಕೆಂಚಿಯನ್ನು ಮಂಕರಿ ಅಡಿ ಮುಚ್ಚಿಟ್ಟು ಹೋದರೆ, ಅದಕ್ಕೆ ಉಸಿರು ಕಟ್ಟುತ್ತೆ ಅಂತ ಎತ್ತಿಬಿಡುತ್ತಿದ್ದ.

ಒಂದು ಭಾನುವಾರ ಬೆಳಗ್ಗೆ ಕೆಂಚಿ ಏಳಲಿಲ್ಲ. ಮುನಿಯಣ್ಣ ಎದ್ದವನೇ ದೇವಸ್ಥಾನಕ್ಕೆ ಹೋಗಿದ್ದ. ಕಲಾವತಿ ಗಾಯಕ್ಕೆ ಅರಿಶಿನ ಮೆತ್ತಿ, ಉಳಿಸಿಕೊಳ್ಳೋ ಒಂದು ಹುಂಜವನ್ನು ಕಾಲು ಕಟ್ಟಿ ದೂರ ಹಾಕಿ, ಚಾಕು ತಗೊಂಡಳು. ಅವರ ಕಡೆ ಹೆಂಗಸರು ಕುಯ್ಯೋ ಪದ್ಧತಿಯಿಲ್ಲ. ಮಿಕ್ಕವುಗಳಲ್ಲಿ ಒಂದನ್ನು ಹಿಡಿದು, ರೆಕ್ಕೆಯನ್ನು ಕಾಲಲ್ಲಿ ಅದುಮಿ, ಉಸಿರು ಬಿಗಿಹಿಡಿದು ಕುಯ್ದಳು. ಹೀಗೇ ಐದು. ಬಿಸಿನೀರಲ್ಲಿ ಅದ್ದಿದ ಪುಕ್ಕದ ನಾತ, ಕೈಗೆ ಅಂಟಿದ ಕರುಳಿನ ಲೋಳೆ. ಬಚ್ಚಲಿಗೆ ಓಡಿ ಎರಡು ಸಲ ವಾಂತಿ ಮಾಡಿಕೊಂಡಳು. ಬಂದು ಮತ್ತೆ ಕೂತಳು. ಜೀವ ತೆಗೆದ ಮೇಲೆ ತಿಪ್ಪೆಗೆ ಎಸೆಯೋಕಾಗುತ್ತಾ? ಮಸಾಲೆ ಅರೆದು ಸಾರಿಗಿಟ್ಟಳು.

ಮಧ್ಯಾಹ್ನ ಘಮಲು ಹಿಡಿದೇ ಬಂದ ಮುನಿಯಣ್ಣ. ಬೈಗುಳಕ್ಕೆ ತಯಾರಾಗಿದ್ದಳು ಕಲಾವತಿ. ಅವನು ತಟ್ಟೆ ಎಳೆದುಕೊಂಡು ಕೂತ.

"ಕುಯ್ದ ಪಾಪ ನಿಂದು ಕಣೇ, ತಿನ್ನೋಕೆ ನಂಗೇನು ದೋಷ? ಲೆಗ್ ಪೀಸ್ ಹಾಕು."

ಬೆಳಗ್ಗೆಯಿಂದ ಅಷ್ಟು ಲೋಳೆ ಮುಟ್ಟಿದ್ದಳು. ಈಗಿನಷ್ಟು ಅಸಹ್ಯ ಯಾವಾಗಲೂ ಆಗಿರಲಿಲ್ಲ. ಅವನ ತಟ್ಟೆಗೆ ಮೊಸರನ್ನ ಬಡಿಸಿದಳು.

"ನಿಮಗೆ ಶ್ರಾವಣ ಅಲ್ವಾ."

ಸಾರಿನ ಪಾತ್ರೆಯನ್ನು ಮೇಲಿನ ರೂಮಿನ ಡೆಲಿವರಿ ಕೆಲಸದವರಿಗೆ ಪೂರ್ತಿ ಕೊಟ್ಟು ಬಂದಳು. ಒಂದು ಹಿಡಿ ಅನ್ನ ಹಿಡಿದು ಹಿತ್ತಲಿಗೆ ಹೋದಳು. ಕೆಂಚಿ ಕೂತಲ್ಲಿಂದಲೇ ಕತ್ತು ಚಾಚಿ, ಅವಳ ಅಂಗೈಯಿಂದ ಒಂದು ಅಗುಳು ಕುಕ್ಕಿತು.