ಹರಳೆಣ್ಣೆ ಕುಡಿದ ಗ್ರಾಮಫೋನು

ಗ್ರಾಮಫೋನು ರಿಪೇರಿಗೆ ಹೋಗುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಕೂಲಿ ಮಾತಾಡಿ ಮುಗಿಸದೆ ಪೆಟ್ಟಿಗೆ ಬಿಚ್ಚಬೇಡಿ. ಬಿಚ್ಚಿದ ಮೇಲೆ ಯಜಮಾನ ಪಕ್ಕದಲ್ಲೇ ಕುಕ್ಕುರುಗಾಲಿನಲ್ಲಿ ಕೂತು ನೋಡುತ್ತಾನೆ. ನೀವು ಒಂದು ತಿರುಪು ಬಿಗಿದು ನಾಲ್ಕು ತೊಟ್ಟು ಎಣ್ಣೆ ಬಿಟ್ಟಿರೋ, ಇಷ್ಟೇನಾ, ಇದನ್ನ ನಮ್ಮ ಆಳೂ ಮಾಡ್ತಿದ್ದ ಅನ್ನುತ್ತಾನೆ. ನಾನು ಮದ್ದೂರಿನ ಸ್ಟೇಷನ್ ರಸ್ತೆಯಲ್ಲಿ ಸೈಕಲ್ಲು, ಹೊಲಿಗೆ ಮಿಷನ್ನು ಬಿಚ್ಚುತ್ತಾ ಶುರುಮಾಡಿ, ಕೆಟ್ಟ ಪೆಟ್ಟಿಗೆಗಳನ್ನೇ ಗುರು ಮಾಡಿಕೊಂಡು ಗ್ರಾಮಫೋನಿಗೆ ಬಂದವನು. ಈ ಬುದ್ಧಿ ನನಗೆ ಪುಕ್ಕಟೆ ಬಂದದ್ದಲ್ಲ.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡುತ್ತಿದ್ದವು. ಅಂಥದ್ದೊಂದು ಬಸ್ಸು ಹತ್ತಿ ಮಳವಳ್ಳಿಯಲ್ಲಿಳಿದು, ಪೂರಿಗಾಲಿ ಕಡೆಯ ಒಂದು ಹಳ್ಳಿಗೆ ಹೋದೆ. ಆ ಊರ ಗೌಡರು ಹೇಳಿಕಳಿಸಿದ್ದರು. ಮಗಳನ್ನು ನೋಡಲು ಮಂಡ್ಯದಿಂದ ಗಂಡಿನ ಕಡೆಯವರು ಬರುವವರಿದ್ದರು. ಬಂದವರೆದುರು ಗ್ರಾಮಫೋನು ಹಾಡಲೇಬೇಕು. ಅದೋ, ಅರ್ಧ ಹಾಡಿಗೇ ತೂಕಡಿಸಿ ನಿಂತುಬಿಡುತ್ತಿತ್ತು.

ಮನೆಯಲ್ಲಿದ್ದದ್ದು ಒಂದೇ ಹಾಡಿನ ತಟ್ಟೆ, ಯಾವುದೋ ದೇವರನಾಮ. ಹೆಂಗಸರು ಹಾಡಿದ್ದು ಆ ಹೊಸ್ತಿಲು ದಾಟುವಂತಿರಲಿಲ್ಲ. ಪೆಟ್ಟಿಗೆಯಲ್ಲಿ ಹಾಡುವ ಹೆಂಗಸು ಸಂಸಾರಸ್ಥೆಯಲ್ಲ ಎನ್ನುವುದು ಗೌಡರ ಕಾಯಿದೆ. ಮಳವಳ್ಳಿಗೆ ನಾಟಕದ ಕಂಪನಿ ಬಂದಾಗ ಮುಂದಿನ ಸಾಲಿನ ಕುರ್ಚಿ ಅವರಿಗೇ ಖಾಯಂ. ಅದು ಬೇರೆ ಕಾಯಿದೆ. ಹಿರಿಯ ಅಳಿಯ ಒಮ್ಮೆ ಹೊಸ ತಟ್ಟೆ ತಂದಾಗ, ಅದರ ಕಾಗದದ ಚೀಲದ ಮೇಲೆ ಹಾಡಿದವಳ ಫೋಟೊ ಕಂಡು, ಹಾಕಿ ಕೇಳದೆಯೇ ಕೊಟ್ಟಿಗೆಯ ಕಲ್ಲಿಗೆ ಬಡಿದು ಚೂರು ಮಾಡಿದ್ದರಂತೆ. ಇದನ್ನು ಅವರೇ ನನಗೆ ಹೆಮ್ಮೆಯಿಂದ ಹೇಳಿದರು. ಉಳಿದ ಈ ಒಂದನ್ನು, ಗಂಡಸು ಹಾಡಿರುವುದನ್ನೇ ಕೊಡಬೇಕೆಂದು ಮಂಡ್ಯದ ಅಂಗಡಿಯವನನ್ನು ಗದರಿಸಿ ತಂದದ್ದು. ನಡುವಿನ ಚೀಟಿಯಲ್ಲಿ ಯಾರ ಹೆಸರಿತ್ತೋ, ವರ್ಷವರ್ಷದ ಆಯುಧಪೂಜೆಯ ಕುಂಕುಮ ವಿಭೂತಿ ಮೆತ್ತಿಕೊಂಡು ಅದು ಮಾರಮ್ಮನ ಹಣೆಯಾಗಿತ್ತು.

ಕೂಲಿಯ ಚೌಕಾಸಿ ಮುಗಿಯಿತು. ಸೋತವನ ಹಾಗೆ ಮುಖ ಮಾಡಿಕೊಂಡೆ. ಗೆದ್ದಾಗ ಹಾಗೆ ಮಾಡಬೇಕು, ಊಟಕ್ಕೂ ಕರೆಯುತ್ತಾರೆ. ಅಷ್ಟರಲ್ಲಿ ಕಬ್ಬು ಕಡಿಯುವವರು ಬಂದು ಕರೆದರೆಂದು ಗೌಡರು ಗಾಡಿ ಹತ್ತಿ ಗದ್ದೆಗೆ ಹೋದರು. ನಾನು ಪೆಟ್ಟಿಗೆ ಬಿಚ್ಚಿದೆ. ಒಳಗೆ ಚಕ್ರಗಳೆಲ್ಲ ಕಾಕಂಬಿಯಲ್ಲಿ ಅದ್ದಿದಂತೆ ಅಂಟಿಕೊಂಡಿದ್ದವು. ಮೂಸಿ ನೋಡಿದೆ. ಹರಳೆಣ್ಣೆ. ಆಲೆಮನೆಯ ಕಬ್ಬಿನ ಗಾಣಕ್ಕೆ ಹುಯ್ಯುವುದನ್ನೇ, ತಂದ ದಿನದಿಂದ ಇದಕ್ಕೂ ಕುಡಿಸಿಕೊಂಡು ಬಂದಿದ್ದರು. ತಿರುಗುವುದೆಲ್ಲ ಗಾಣವೇ ಎಂಬ ಲೆಕ್ಕ.

ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹೊಲಿಗೆ ಮಿಷನ್ನಿನ ತೆಳು ಎಣ್ಣೆ ಬಿಟ್ಟು, ಕೀಲಿ ಕೊಟ್ಟು ಮುಳ್ಳಿಟ್ಟೆ. ತಟ್ಟೆ ಇರಬೇಕಾದ ವೇಗದಲ್ಲಿ ತಿರುಗಿತು. ಬಂದದ್ದು ಹೆಂಗಸಿನ ದನಿ, ತಿಳಿಯಾಗಿ, ಎತ್ತರಕ್ಕೆ. ಇಷ್ಟು ವರ್ಷ ಅಂಟಿನಲ್ಲಿ ಸಿಕ್ಕಿ ನಿಧಾನವಾಗಿ ತಿರುಗುತ್ತಿದ್ದದ್ದಕ್ಕೆ ಅವಳ ಗಂಟಲು ದಪ್ಪವಾಗಿ, ಗೌಡರ ಪಾಲಿಗೆ ಗಂಡಸಾಗಿದ್ದಳು.

ಕಂಬದ ಪಕ್ಕ ಗೌಡರ ತಾಯಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಒಂದು ಕಾಲಕ್ಕೆ ಸುತ್ತಿನ ಮದುವೆಗಳಲ್ಲಿ ಸೋಬಾನೆಗೆ ಅವರೇ ಮುಂದು. ಗಂಡ ಸತ್ತ ಮೇಲೆ ಯಾರೂ ಹಾಡಲು ಕರೆಯಲಿಲ್ಲ. ನನ್ನ ಮುಖ ನೋಡಿ ಅವರಂದರು:

"ಗಾಬ್ರಿ ಬೀಳಬ್ಯಾಡ ಕಣಪ್ಪ. ಹೆಂಗ್ಸು ಅಂತ ನಂಗೆ ಮೊದಲ ದಿನವೇ ಗೊತ್ತು. ಉಸ್ರು ತಕೊಳೋ ತಾವು ಗೊತ್ತಾಯ್ತದೆ."

ಗೌಡರಿಗೆ ಗೊತ್ತಾಗಲಿಲ್ಲವೇ ಎಂದು ಕೇಳಿದೆ.

"ಅವ್ನು ಹೆಂಗುಸ್ರ ಮಾತ ಯಾವತ್ತು ಕಿವೀಗೆ ಹಾಕ್ಕಂಡವ್ನೆ, ದನಿ ಗುರ್ತು ಸಿಕ್ಕಕ್ಕೆ?" ಆಮೇಲೆ ದನಿ ತಗ್ಗಿಸಿದರು. "ಇದ ಕೇಳುದ್ರೆ ಇದ್ನೂ ಕಲ್ಲಿಗೆ ಬಡೀತನೆ. ಬೈಗಾದ್ರೆ ನಂಗಿರಾದು ಇದೊಂದೇಯ. ಮೊದ್ಲಿನಂಗೆ ಗಂಡಸು ಮಾಡ್ಬುಡು ಮಗಾ."

ಮಂಡ್ಯದ ಬೀಗರು ಗುರುತು ಹಿಡಿದರೆ ಏನು ಗತಿ ಎಂದೆ. ಅವರು ಉಣ್ಣಲು ಬರುವವರು, ಕೇಳಲು ಅಲ್ಲ ಎಂದರು.

ಬೀದಿಯಲ್ಲಿ ಎತ್ತಿನ ಕೊರಳ ಗೆಜ್ಜೆ ಕೇಳಿಸಿತು. ತಟ್ಟೆಯ ಪಕ್ಕದಲ್ಲಿ ವೇಗ ಹೆಚ್ಚುಕಡಿಮೆ ಮಾಡುವ ಒಂದು ಗುಂಡಿ ಇರುತ್ತದೆ. ಗೌಡರು ಅದನ್ನು ಅಲಂಕಾರಕ್ಕೆ ಇಟ್ಟದ್ದೆಂದು ತಿಳಿದಿದ್ದರು. ನಾನು ಅದನ್ನು ತಿರುಗಿಸುತ್ತಾ ಹೋದೆ. ದನಿ ಇಳಿಯುತ್ತಾ ಬಂದು, ಗೌಡರು ಜಗಲಿ ಹತ್ತುವ ಹೊತ್ತಿಗೆ ದೇವರನಾಮಕ್ಕೆ ಮೀಸೆ ಬಂದಿತ್ತು.

ಅವರು ನಿಂತೇ ಕೇಳಿದರು. ಹಾಡು ಎಲ್ಲೂ ತೂಕಡಿಸದೆ ಕೊನೆ ಮುಟ್ಟಿತು. ಗೌಡರು ನನ್ನತ್ತ ತಿರುಗಿದರು:

"ನೋಡಿ ಸಾಬ್ರೇ, ಗಂಡಸ್ರ ಗಂಟ್ಲು ಅಂದ್ರೆ ಇದು. ಒಂದು ಹೆಂಗ್ಸು ಇಂಗೆ ಹಾಡಕ್ಕಾಯ್ತದಾ?"

ನಾನು ತಲೆ ಬಗ್ಗಿಸಿ ಸ್ಪ್ಯಾನರು ಒರೆಸತೊಡಗಿದೆ. ಗಿರಾಕಿ ಇಂಥ ಪ್ರಶ್ನೆ ಹಾಕಿದಾಗ ಸಾಮಾನು ಒರೆಸುತ್ತಿರಬೇಕು. ಇದೂ ಕಸುಬಿನ ಭಾಗ. ತಾಯಿಯೇ ಅವರೆಕಾಯಿಯಿಂದ ಕಣ್ಣೆತ್ತದೆ ಅಂದರು:

"ಎಲ್ಲಾಯ್ತದೆ ಬುಡು ಮಗಾ. ಅವ್ಕೆ ಒಲೆ ಊದಾಕೇ ಉಸ್ರು ಸಾಲಕ್ಕಿಲ್ಲ."

ಅಡಿಗೆಮನೆಯೊಳಗೆ ಗೌಡರ ಹೆಂಡತಿಯ ಕೈಯಿಂದ ಒಂದು ತಪ್ಪಲೆ ದಡಾರನೆ ಬಿತ್ತು. ಗೌಡರು ಪಾತ್ರೆ ನೆಗ್ಗಿಸುವವರನ್ನು ಬೈದುಕೊಳ್ಳುತ್ತಾ ನನ್ನ ಕೂಲಿ ತರಲು ಕೋಣೆಗೆ ಹೋದರು.

ಮುದುಕಮ್ಮ ಕಂಬ ಹಿಡಿದು ಎದ್ದು ಪೆಟ್ಟಿಗೆಯ ಹತ್ತಿರ ಬಂದರು. ಬೆರಳನ್ನು ಸೆರಗಿಗೆ ಒರೆಸಿಕೊಂಡು ಆ ಗುಂಡಿಯನ್ನು ಮುಟ್ಟಿ, ಎತ್ತ ತಿರುಗಿಸಿದೆಯೆಂದು ಮೆಲ್ಲಗೆ ಕೇಳಿದರು.

"ಇತ್ಲಾಗೆ ತಿರುಗ್ಸುದ್ರೆ ಗಂಡಸು ಕಣವ್ವ, ಅತ್ಲಾಗೆ ಹೆಂಗಸು. ಗೌಡ್ರು ಬರೋಕೆ ಮುಂಚೆ ಇತ್ಲಾಗೆ ತಂದ್ಬುಡಿ."

ಅವರು ಅತ್ಲಾಗೆ ಒಂದು ಸಲ, ಇತ್ಲಾಗೆ ಒಂದು ಸಲ ತಿರುಗಿಸಿ ಕೈಗೆ ಅಳತೆ ಮಾಡಿಕೊಂಡರು.

"ಗದ್ದೆ ತಾವ್ಕೆ ದಿನಾ ಓಯ್ತನೆ ಬುಡು," ಎಂದರು.